ಐಸ್‌ಕ್ರೀಮ್ ಡಬ್ಬಿಯಲ್ಲಿ ಇಬ್ಬರು

ನಮ್ಮವರಿಗೆ ಚಳಿಯೆಂದರೆ ಹಳೆಯ ಸ್ನೇಹಿತ. ದುಡಿಮೆಯ ವರ್ಷಗಳನ್ನೆಲ್ಲ ಕೋಲ್ಡ್ ಸ್ಟೋರೇಜಿನಲ್ಲಿ ಕಳೆದ ಮನುಷ್ಯ. ಮೀನಿಗೆ, ಹಣ್ಣಿಗೆ, ಬೆಣ್ಣೆಗೆ ತಣ್ಣನೆಯ ಕೋಣೆ ಕಟ್ಟುವುದು, ಬಾಗಿಲಿಗೆ ರಬ್ಬರ್ ಪಟ್ಟಿ ಕೂರಿಸುವುದು, ಎಲ್ಲಿ ಗಾಳಿ ನುಸುಳುತ್ತದೆ ಎಂದು ಅಂಗೈ ಹಿಡಿದು ಹುಡುಕಿ ಅಲ್ಲಿ ಫೋಮ್ ತುಂಬುವುದು ಅವರ ಕಸುಬು. ನಾನು ಅದಕ್ಕೆ ತದ್ವಿರುದ್ಧ, ಬೇಕರಿಯ ಒಲೆಯ ಮುಂದೆ ಬೆಂದವಳು. ಸಂಜೆ ಮನೆಗೆ ಬಂದಾಗ ಅವರ ಕೈ ಮಂಜುಗಡ್ಡೆ, ನನ್ನ ಕೈ ಕಾದ ಹಂಚು. ಮದುವೆಯ ಹೊಸತರಲ್ಲಿ ಅಕ್ಕ ಇದನ್ನು ನೋಡಿ, ಎರಡನ್ನೂ ಬೆರೆಸಿದರೆ ಸ್ನಾನಕ್ಕೆ ಹದವಾಗುತ್ತದೆ ಎಂದು ನಕ್ಕಿದ್ದಳು.

ಆ ಕೋಲ್ಡ್ ಸ್ಟೋರೇಜ್ ಈ ವರ್ಷ ಬಾಗಿಲು ಹಾಕಿತು. ನಾವಿದ್ದ ಮನೆಯೂ ಕಂಪನಿಯದೇ, ಚಳಿಗಾಲ ಮುಗಿಯುವುದರೊಳಗೆ ಖಾಲಿ ಮಾಡಬೇಕಿತ್ತು. ಹೋಗುವಾಗ ಕಂಪನಿಯವರು ನಮ್ಮವರಿಗೆ ಒಂದು ಹಳೆಯ ಐಸ್‌ಕ್ರೀಮ್ ವ್ಯಾನ್ ಕೊಟ್ಟು ಕೈತೊಳೆದುಕೊಂಡರು. ಮುಂದೆ ಡ್ರೈವರ್ ಕೂರುವ ಜಾಗ, ಹಿಂದೆ ಬಿಳಿಯ ತಗಡಿನ ದೊಡ್ಡ ಡಬ್ಬಿ, ಡಬ್ಬಿಯ ಮೈಮೇಲೆ ಅರ್ಧ ಅಳಿಸಿಹೋದ ಒಂದು ನಗುವ ಕರಡಿ. ಗೋಡೆ ಗೇಣು ದಪ್ಪ. ಕಿಟಕಿ ಇಲ್ಲ. ಮುಂದಿನಿಂದ ಹಿಂದಕ್ಕೆ ದಾರಿಯಿಲ್ಲ, ಹಿಂಬದಿಯಲ್ಲಿ ಒಂದೇ ಒಂದು ಬಾಗಿಲು. ಬೇರೆ ಯಾರಾದರೂ ಆಗಿದ್ದರೆ ಸೀದಾ ಗುಜರಿಗೆ ಹಾಕುತ್ತಿದ್ದರು. ನಮ್ಮವರು ಅದರ ಸುತ್ತ ಒಂದು ಸುತ್ತು ಬಂದು, ಕರಡಿಯ ಹೊಟ್ಟೆ ತಟ್ಟಿ, ಇನ್ನು ಮುಂದೆ ಇದೇ ನಮ್ಮ ಮನೆ ಎಂದರು.

ಅವರ ಲೆಕ್ಕಾಚಾರ ಹೀಗಿತ್ತು. ಗುಡ್ಡಗಳ ಆಚೆಯ ಸಣ್ಣ ಊರುಗಳಲ್ಲಿ ಡೈರಿಗಳಿವೆ, ಮೀನಿನ ಅಂಗಡಿಗಳಿವೆ, ಹೂವಿನ ಗೋದಾಮುಗಳಿವೆ. ಎಲ್ಲ ಕಡೆಯೂ ತಂಪು ಮಾಡುವ ಯಂತ್ರಗಳಿವೆ, ಅವು ಕೆಟ್ಟರೆ ರಿಪೇರಿಗೆ ಜನವಿಲ್ಲ. ನಾವು ಊರಿಂದ ಊರಿಗೆ ಹೋಗುವುದು, ರಿಪೇರಿ ಮಾಡುವುದು, ವ್ಯಾನಿನಲ್ಲೇ ಮಲಗುವುದು, ಮುಂದಕ್ಕೆ ಹೊರಡುವುದು. ಹಿಮ ಬಿದ್ದರೂ ಸರಿ.

ಅಕ್ಕನ ಲೆಕ್ಕಾಚಾರ ಬೇರೆ. ಅಕ್ಕ ಎಂದರೆ ನನ್ನ ಒಡಹುಟ್ಟಿದವಳು, ಆದರೆ ಆಸ್ಪತ್ರೆಯಲ್ಲಿ ಅವಳಿಗಿಂತ ದೊಡ್ಡ ಡಾಕ್ಟರುಗಳೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ವಾರ್ಡಿನ ನರ್ಸಾಗಿ ನಿವೃತ್ತಳಾದವಳು. ವಾರ್ಡಿನಲ್ಲಿ ಎಂಥ ಚಳಿಯಿದ್ದರೂ ಕಿಟಕಿ ಒಂದಿಷ್ಟು ತೆರೆದಿರಬೇಕು ಎನ್ನುವುದು ಅವಳ ಕಾನೂನು. ರೋಗಿಗಳ ಕಡೆಯವರು ಮುಚ್ಚುವುದು, ಇವಳು ತೆರೆಯುವುದು, ಇದೇ ಮಹಾಯುದ್ಧ. ಹೋದ ಚಳಿಗಾಲ ನನಗೆ ನ್ಯುಮೋನಿಯಾ ಆಗಿ ಎದೆಯಲ್ಲಿ ಉಸಿರು ನಿಲ್ಲದಂತಾದಾಗ, ನನ್ನ ಹಾಸಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತವಳು ಅವಳೇ. ಹಾಗಾಗಿ ನನ್ನ ಎದೆಯ ಮೇಲೆ ಅವಳಿಗೆ ಒಂದು ಹಕ್ಕಿದೆ. ಅವಳ ಮನೆಯ ಹಿಂದಿನ ಕೋಣೆ ಖಾಲಿಯಿದೆ, ಇಬ್ಬರೂ ಬಂದು ಅಲ್ಲಿರಿ ಎಂದಳು. ಕೋಣೆಗೆ ಹೀಟರ್ ಇದೆ, ಪಕ್ಕದಲ್ಲೇ ಬಚ್ಚಲಿದೆ, ಕಿಟಕಿಯಿಂದ ಪಕ್ಕದ ಮನೆಯ ಗೋಡೆ ಕಾಣುತ್ತದೆ.

ನಮ್ಮವರು ಜಗಳವಾಡುವ ಪೈಕಿಯವರಲ್ಲ. ಅತ್ತಿಗೆ ಹೇಳುವುದೂ ಸರಿ ಎಂದರು, ವ್ಯಾನೂ ಸರಿ ಎಂದರು, ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಕೊನೆಗೆ ಅಕ್ಕನೇ ತೀರ್ಮಾನ ಮಾಡಿದಳು. ಒಂದು ರಾತ್ರಿ ಹಿಮದಲ್ಲಿ ಆ ಡಬ್ಬಿಯೊಳಗೆ ಮಲಗಿ ಬನ್ನಿ. ಬೆಳಿಗ್ಗೆ ಫೋನ್ ಮಾಡುತ್ತೇನೆ. ಚಳಿಯಾಯಿತು ಎಂದು ಇವಳು ಹೇಳಿದರೆ ವ್ಯಾನ್ ಗುಜರಿಗೆ, ನೀವಿಬ್ಬರೂ ಹಿಂದಿನ ಕೋಣೆಗೆ. ಇಲ್ಲ ಎಂದರೆ ನಾನು ತುಟಿ ಪಿಟಕ್ ಅನ್ನುವುದಿಲ್ಲ ಎಂದಳು. ನಿಜ ಹೇಳುತ್ತೇನೆಂದು ನನ್ನಿಂದ ಮಾತು ತೆಗೆದುಕೊಂಡಳು. ಆ ಮಾತು ಬೇಕಿರಲಿಲ್ಲ. ಅಕ್ಕನಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರು ನಮ್ಮ ವಂಶದಲ್ಲಿ ಇನ್ನೂ ಹುಟ್ಟಿಲ್ಲ.

ಇಬ್ಬರೂ ನನ್ನನ್ನು ತಕ್ಕಡಿಯ ಮೇಲೆ ಕೂರಿಸಿದರು, ನಿನಗೇನು ಬೇಕು ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ನನಗೆ ವ್ಯಾನ್ ಬೇಕಿತ್ತು. ಬೆಳಕು ಹರಿಯುವ ಮುಂಚೆ ಒಲೆಯ ಮುಂದೆ ನಿಂತು, ಮಧ್ಯಾಹ್ನ ಬಂದು ನಿದ್ದೆ ಮಾಡಿ, ಮತ್ತೆ ಒಲೆಯ ಮುಂದೆ ನಿಂತು ಬದುಕು ಸವೆಸಿದವಳು ನಾನು. ಗುಡ್ಡದ ಆಚೆ ಏನಿದೆ ಎಂದು ನನಗೆ ಗೊತ್ತಿರಲಿಲ್ಲ. ನೋಡಬೇಕಿತ್ತು. ಇನ್ನೊಂದು ಗೋಡೆ ನೋಡುತ್ತ ಕೂರುವುದು ಬೇಡವಾಗಿತ್ತು.

ನಮ್ಮವರು ವ್ಯಾನನ್ನು ಸಜ್ಜು ಮಾಡಿದ್ದನ್ನು ನೋಡಬೇಕಿತ್ತು. ಒಳಗೆ ಹಲಗೆಯ ಮಂಚ, ಅದರ ಮೇಲೆ ಎರಡು ಪದರ ಹಾಸಿಗೆ, ಮೇಲೆ ಉಣ್ಣೆಯ ರಜಾಯಿ. ಕೆಳಗಿನಿಂದ ಬರುವ ಚಳಿಯೇ ಮೇಲಿನಿಂದ ಬರುವುದಕ್ಕಿಂತ ಕೆಟ್ಟದ್ದು ಎಂದು ಹಾಸಿಗೆಯ ಅಡಿಗೆ ಥರ್ಮಾಕೋಲ್ ಹಾಕಿದರು. ಬಾಗಿಲನ್ನು ಒಳಗಿನಿಂದ ತೆಗೆಯಲು ತಳ್ಳುವ ಹಿಡಿ ಕೂರಿಸಿದರು, ಅದಿಲ್ಲದೆ ಯಾವ ಶೀತಲ ಕೋಣೆಗೂ ಕಾಲಿಡಬಾರದಂತೆ. ಒಳಗೆ ಬೆಂಕಿ ಹಚ್ಚಕೂಡದು, ಸ್ಟವ್ ಹೊರಗೇ ಇರಬೇಕು ಎಂದರು. ರಾತ್ರಿ ಇಂಜಿನ್ ಓಡಿಸಿ ಮಲಗಿದರೆ ಹೊಗೆ ಒಳಗೆ ಬಂದು ಬೆಳಿಗ್ಗೆ ಏಳುವವರಿರುವುದಿಲ್ಲ, ಅದೂ ಇಲ್ಲ ಎಂದರು. ಇದೆಲ್ಲ ಸರಿಯೇ. ಆಮೇಲೆ ಬಾಗಿಲ ಸುತ್ತ ಹೊಸ ರಬ್ಬರ್ ಪಟ್ಟಿ ಹಾಕಿದರು. ಮೂಲೆಗಳಿಗೆ ಫೋಮ್ ತುಂಬಿದರು. ನೆಲದಲ್ಲಿ, ಕರಗಿದ ನೀರು ಹರಿದುಹೋಗಲೆಂದು ಮೊದಲಿನಿಂದಲೂ ಇದ್ದ ತೂತನ್ನೂ ಮುಚ್ಚಿದರು. ಕೊನೆಗೆ ಒಳಗೆ ನಿಂತು ಅಂಗೈ ಹಿಡಿದು ಮೂಲೆಮೂಲೆ ಹುಡುಕಿ, ಒಂದು ಎಳೆ ಗಾಳಿಯೂ ಬರುತ್ತಿಲ್ಲ ಎಂದು ಹಿಗ್ಗಿದರು.

ಒಂದು ಸಣ್ಣ ಕಿಂಡಿಯಾದರೂ ಇರಲಿ ಎಂದು ನಾನು ಒಂದು ಮಾತು ಹೇಳಿದೆ.

"ಕಿಂಡಿ ಇಟ್ರೆ ಇಷ್ಟು ದಪ್ಪ ಗೋಡೆ ಯಾಕೆ? ಒಳಗಿನ ತಂಪು ಹೊರಗೆ ಹೋಗದೆ ಇರೋ ಡಬ್ಬಿ ಇದು. ಬಿಸಿನೂ ಹಾಗೇ, ಎಲ್ಲೂ ಹೋಗಲ್ಲ," ಎಂದರು.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಾನು ಮತ್ತೆ ಹೇಳಲಿಲ್ಲ. ಹೇಳಬೇಕಿತ್ತು. ಬಿಸಿ ಬ್ರೆಡ್ಡನ್ನು ಕವರಿಗೆ ಹಾಕಿ ಬಾಯಿ ಕಟ್ಟಿದರೆ ಅದು ಬೆವರಿ ಒದ್ದೆಯಾಗುತ್ತದೆ, ಆರುವವರೆಗೂ ಕಟ್ಟಬೇಡಿ ಎಂದು ಬೇಕರಿಗೆ ಹೊಸದಾಗಿ ಬಂದವರಿಗೆಲ್ಲ ಬೈದು ಕಲಿಸಿದವಳು ನಾನು. ಆದರೆ ನಾನೂ ಒಂದು ಬಿಸಿ ಬ್ರೆಡ್ಡು ಎಂದು ನನಗೆ ಹೊಳೆಯಲಿಲ್ಲ.

ಗುಡ್ಡದ ನೆತ್ತಿಯಲ್ಲಿ ಲಾರಿಗಳು ನಿಲ್ಲುವ ಒಂದು ಬಯಲಿದೆ. ನಾವು ಹೋದ ದಿನ ಒಂದು ಲಾರಿಯೂ ಇರಲಿಲ್ಲ, ಎಲ್ಲಿ ನೋಡಿದರೂ ಹಿಮ. ಗಾಳಿಗೆ ಬೆನ್ನು ಮಾಡಿ ವ್ಯಾನ್ ನಿಲ್ಲಿಸಿದರು. ಹೊರಗೆ ವ್ಯಾನಿನ ಮರೆಯಲ್ಲಿ ಸ್ಟವ್ ಹಚ್ಚಿ ಸೂಪು ಕಾಯಿಸಿದೆ, ಬೆಣ್ಣೆ ದಪ್ಪಗೆ ಸವರಿದ ಬ್ರೆಡ್ಡು ತಿಂದೆವು. ಹೊಟ್ಟೆ ತುಂಬಿದ್ದರೆ ಮೈ ಬೆಚ್ಚಗಿರುತ್ತದೆ. ನೀರು ಕುದಿಸಿ ಎರಡು ರಬ್ಬರ್ ಚೀಲಗಳಿಗೆ ತುಂಬಿ, ಬಾಯಿ ಬಿಗಿದು, ರಜಾಯಿಯೊಳಗೆ ಇಟ್ಟೆ, ಅವರಿಗೊಂದು, ನನಗೊಂದು. ಒದ್ದೆಯಾದ ಕಾಲುಚೀಲ ಬಿಚ್ಚಿ ಒಣಗಿದ್ದನ್ನು ಹಾಕಿಕೊಂಡೆವು. ಬಾಗಿಲು ಎಳೆದಾಗ ಹೊರಗಿನ ಗಾಳಿಯ ಸದ್ದು ಕತ್ತರಿಸಿದಂತೆ ನಿಂತಿತು.

ಮೊದಲಿಗೆ ನಿಜವಾಗಿಯೂ ಬೆಚ್ಚಗಿತ್ತು. ನಾನು ಟೋಪಿ ತೆಗೆದೆ. ನಮ್ಮವರು ಅಕ್ಕನ ಹಾಗೆ ಸೊಂಟದ ಮೇಲೆ ಕೈಯಿಟ್ಟು, ಏನಮ್ಮ, ಚಳಿ ಆಗ್ತಿದೆಯಾ ಎಂದು ಅವಳ ದನಿಯಲ್ಲಿ ಕೇಳಿದರು. ನಕ್ಕು ಮಲಗಿದೆವು.

ಎಚ್ಚರವಾದಾಗ ಹಣೆಯ ಮೇಲೆ ಒಂದು ಹನಿ ಬಿತ್ತು. ಆಮೇಲೆ ಇನ್ನೊಂದು. ರಜಾಯಿಯ ಮೇಲೆ ಕೈಯಾಡಿಸಿದರೆ ತಣ್ಣಗೆ, ತೇವ. ನಮ್ಮಿಬ್ಬರ ಉಸಿರು ಹೋಗಲು ದಾರಿಯಿಲ್ಲದೆ ಗೋಡೆಗೆ, ಚಾವಣಿಗೆ, ಉಣ್ಣೆಗೆ ಅಂಟಿತ್ತು. ಒದ್ದೆ ಉಣ್ಣೆ ಹೊದ್ದವರಿಗೆ ದಪ್ಪ ಗೋಡೆ ಏನು ಮಾಡೀತು? ಬೆನ್ನಿನಿಂದ ನಡುಕ ಹುಟ್ಟಿ ದವಡೆಗೆ ಬಂತು. ಹಲ್ಲು ಕಟಕಟ ಎಂದರೆ ಪಕ್ಕದವರಿಗೆ ಕೇಳುತ್ತದೆಂದು ರಜಾಯಿಯ ಅಂಚನ್ನು ಕಚ್ಚಿ ಹಿಡಿದೆ. ನಡುಗಿದರೆ ವ್ಯಾನ್ ಹೋಯಿತು, ಅಷ್ಟೇ ತಲೆಯಲ್ಲಿತ್ತು. ನಿದ್ದೆ ಬಂತಾ ಎಂದು ಅವರು ಮೆಲ್ಲಗೆ ಕೇಳಿದರು. ನಾನು ನಿದ್ದೆಯಲ್ಲಿರುವವಳ ಹಾಗೆ ಉಸಿರಾಡಿದೆ.

ಬೆಳಿಗ್ಗೆ ತಲೆ ಕಲ್ಲಾಗಿತ್ತು. ಅವರಿಗೂ ಹಾಗೆಯೇ, ಹಣೆ ಹಿಡಿದುಕೊಂಡು ಕೂತಿದ್ದರು. ಟಾರ್ಚ್ ಹಚ್ಚಿದರು. ಗೋಡೆಗಳೆಲ್ಲ ಬೆವತಿದ್ದವು. ಬಾಗಿಲಿನ ಚೌಕಟ್ಟಿನ ಸುತ್ತ ಮಾತ್ರ ಆ ಬೆವರು ಹೆಪ್ಪುಗಟ್ಟಿ ಬಿಳಿಯ ಅಂಚಾಗಿತ್ತು. ಅವರು ಎದ್ದು ಹಿಡಿಯನ್ನು ತಳ್ಳಿದರು. ಹಿಡಿ ಸರಿಯಾಗಿಯೇ ಹೋಯಿತು, ಬಾಗಿಲು ಬರಲಿಲ್ಲ. ಭುಜ ಕೊಟ್ಟರು. ಬರಲಿಲ್ಲ. ಅವರು ಪ್ರೀತಿಯಿಂದ ಕೂರಿಸಿದ ಹೊಸ ರಬ್ಬರ್ ಪಟ್ಟಿ ಮಂಜುಗಡ್ಡೆಯಲ್ಲಿ ಚೌಕಟ್ಟಿಗೆ ಅಂಟಿಹೋಗಿತ್ತು.

ಫೋನ್ ನೋಡಿದೆ. ತಗಡಿನ ಡಬ್ಬಿಯೊಳಗೆ ಸಿಗ್ನಲ್ ಎಲ್ಲಿಂದ ಬರಬೇಕು? ನನಗೆ ಆಗ ಹೆದರಿಕೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಹೋದ ವರ್ಷ ಎದೆ ಕಟ್ಟಿದಾಗಲೂ ಹೀಗೆಯೇ ಗಾಳಿ ಸಾಲದೆ ಒದ್ದಾಡಿದ್ದೆ. ನಮ್ಮವರು ನೆಲದ ತೂತನ್ನು ಬಿಡಿಸಲು ಬಗ್ಗಿ ಉಗುರಿನಿಂದ ಕೆರೆದರು. ಅವರೇ ತುಂಬಿದ ಫೋಮ್, ಕಲ್ಲಿನಂತಾಗಿತ್ತು. ಸಲಕರಣೆಗಳ ಪೆಟ್ಟಿಗೆ ಮುಂದೆ, ಡ್ರೈವರ್ ಸೀಟಿನ ಅಡಿಯಲ್ಲಿ.

"ಉಸಿರಾಡದ ಸಾಮಾನಿಗೇ ಕೋಣೆ ಕಟ್ಟಿ ಕಟ್ಟಿ ಅಭ್ಯಾಸ," ಎಂದರು, ಬಗ್ಗಿದಲ್ಲಿಂದಲೇ. "ಐಸ್‌ಕ್ರೀಮ್ ಉಸಿರಾಡಲ್ಲ. ನಂಗೆ ಹೊಳೀಲೇ ಇಲ್ಲ."

ಬೈಯಲು ನನ್ನ ಹತ್ತಿರ ಬೇಕಾದಷ್ಟಿತ್ತು. ಆದರೆ ಬೈಯಲು ಉಸಿರು ಬೇಕಲ್ಲ. ಕಾಲ ಬಳಿ ಇನ್ನೂ ಏನೋ ಬೆಚ್ಚಗಿದ್ದದ್ದು ತಗುಲಿತು. ರಜಾಯಿ ಎತ್ತಿ ನೋಡಿದರೆ ಎರಡು ರಬ್ಬರ್ ಚೀಲಗಳು. ಒಂದು ಹೊಟ್ಟೆಯ ಹತ್ತಿರ, ನನ್ನದು. ಇನ್ನೊಂದು ಪಾದದ ಹತ್ತಿರ, ಅದು ಅವರದು. ಯಾವಾಗ ತಂದಿಟ್ಟರೋ ಗೊತ್ತಿಲ್ಲ. ಹಾಗಾದರೆ ನಾನು ನಡುಗುತ್ತಿದ್ದದ್ದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಹಾಗೆಯೇ ಸುಮ್ಮನಿದ್ದರು.

ಚೀಲಗಳಲ್ಲಿ ಉಗುರು ಬೆಚ್ಚನೆಯ ನೀರಿತ್ತು. ಒಂದನ್ನು ಅವರ ಕೈಗೆ ಕೊಟ್ಟೆ, ಬಾಗಿಲಿನ ಅಂಚು ತೋರಿಸಿದೆ. ಮಾತು ಬೇಕಾಗಲಿಲ್ಲ. ಅವರು ಚೀಲವನ್ನು ಪಟ್ಟಿಗೆ ಒತ್ತಿ ಹಿಡಿದು, ಬಿಳಿ ಕರಗಿದ ಮೇಲೆ ಒಂದಿಷ್ಟು ಕೆಳಗೆ ಸರಿಸುವರು, ಕರಗಿದ ನೀರು ಮತ್ತೆ ಕಟ್ಟುವ ಮೊದಲು ನಾನು ಸ್ಕಾರ್ಫಿನಿಂದ ಒರೆಸುವೆ. ಮೊದಲನೆಯ ಚೀಲ ಆರಿತು, ಎರಡನೆಯದನ್ನು ತೆಗೆದುಕೊಂಡೆವು. ಅದೂ ಆರುತ್ತ ಬಂತು. ಕೆಳಗಿನ ಮೂಲೆ ಇನ್ನೂ ಬಿಟ್ಟಿರಲಿಲ್ಲ. ಇಬ್ಬರೂ ನೆಲದ ಮೇಲೆ ಕೂತು, ಮಂಚಕ್ಕೆ ಬೆನ್ನು ಕೊಟ್ಟು, ನಾಲ್ಕು ಕಾಲಿನಿಂದ ಒಟ್ಟಿಗೆ ಒದ್ದೆವು. ಬಟ್ಟೆ ಹರಿದಂತೆ ಸದ್ದಾಗಿ ಬಾಗಿಲು ತೆರೆದುಕೊಂಡಿತು. ಬಿಸಿಲು ಕಣ್ಣಿಗೆ ಹೊಡೆಯಿತು.

ಹಿಮದ ಮೇಲೆ ನಿಂತು ಇಬ್ಬರೂ ಸುಮ್ಮನೆ ಉಸಿರಾಡಿದೆವು. ತಲೆನೋವು ಮೆಲ್ಲಗೆ ಇಳಿಯಿತು. ಅವರು ವ್ಯಾನಿನ ಮೆಟ್ಟಿಲ ಮೇಲೆ ಕೂತರು. ಅಷ್ಟು ಸೋತ ಮುಖವನ್ನು ಕೋಲ್ಡ್ ಸ್ಟೋರೇಜ್ ಮುಚ್ಚಿದ ದಿನವೂ ನೋಡಿರಲಿಲ್ಲ.

"ಅತ್ತಿಗೆಗೆ ನಿಜ ಹೇಳ್ಬಿಡು," ಎಂದರು. "ಆ ಕೋಣೆಗೇ ಹೋಗೋಣ. ನಿನ್ನನ್ನ ಇಟ್ಕೊಂಡು ನಾನು ಆಟ ಆಡಬಾರದಿತ್ತು."

"ನಂಗೆ ಆ ಕೋಣೆ ಬೇಡ. ನಂಗೆ ಇದೇ ಬೇಕು. ಮೊದಲಿಂದನೂ ಇದೇ ಬೇಕಿತ್ತು."

ಅವರು ತಲೆಯೆತ್ತಿ ನೋಡಿದರು. ಹೇಳಬಾರದಿತ್ತಾ ಎಂದರು. ನೀವು ಕೇಳಿದ್ರಾ ಎಂದೆ. ನಾನು ಮುಂದೆ ಹೋಗಿ, ಡ್ರೈವರ್ ಸೀಟಿನ ಅಡಿಯಿಂದ ಪೆಟ್ಟಿಗೆ ಎಳೆದು, ಡ್ರಿಲ್ ತೆಗೆದು ಅವರ ತೊಡೆಯ ಮೇಲಿಟ್ಟೆ. ಅವರು ಅದನ್ನೂ ಗೋಡೆಯನ್ನೂ ಬಾರಿಬಾರಿ ನೋಡಿದರು. ದುಡಿಮೆಯುದ್ದಕ್ಕೂ ತೂತು ಮುಚ್ಚಿದ ಮನುಷ್ಯ, ತಾವೇ ಸಜ್ಜು ಮಾಡಿದ ಗೋಡೆಗೆ ತೂತು ಕೊರೆಯಬೇಕು. ಕೈ ಸುಲಭಕ್ಕೆ ಏಳಲಿಲ್ಲ. ಎದ್ದು ಹೋಗಿ ಚಾವಣಿಯ ಕೆಳಗೆ, ನನ್ನ ತಲೆ ಬರುವ ಜಾಗದ ಮೇಲೆ, ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿದರು. ಗುರುತು ಹಾಕಿ ಮತ್ತೆ ನಿಂತರು.

ಆಗ ಫೋನ್ ಬಂತು. ಅಕ್ಕ ಹಲೋ ಕೂಡ ಅನ್ನಲಿಲ್ಲ.

"ಚಳಿ ಆಯ್ತಾ?"

"ಆಯ್ತು," ಎಂದೆ. ನಮ್ಮವರು ಡ್ರಿಲ್ ಕೆಳಗಿಳಿಸಿದರು. "ತುಂಬಾ ಆಯ್ತು ಅಕ್ಕ. ಇವತ್ತು ರಾತ್ರಿನೂ ಇಲ್ಲೇ ಮಲಗ್ತೀವಿ."

ನಾನು ಎಲ್ಲವನ್ನೂ ಹೇಳಿದೆ. ಗಾಳಿಯಿಲ್ಲದ್ದು, ಹನಿ ಬಿದ್ದದ್ದು, ಬಾಗಿಲು ಅಂಟಿದ್ದು, ಒಂದನ್ನೂ ಬಿಡಲಿಲ್ಲ. ಮಾತು ಕೊಟ್ಟಿದ್ದೆನಲ್ಲ. ಬೈಗುಳ ಬರುತ್ತದೆಂದು ಕಾದೆ. ಕೊನೆಗೆ, ನನಗೆ ಇದೇ ಬೇಕು ಎಂದೆ, ಹಿಂದಿನ ಕೋಣೆ ಬೇಡ ಎಂದೂ ಹೇಳಿದೆ.

"ಕಿಟಕಿಗೆ ಹೊಸ ಪರದೆ ಹಾಕಿದ್ದೆ ಕಣೇ," ಎಂದಳು ಅಕ್ಕ.

ಅವಳ ದನಿ ಅಷ್ಟು ಸಣ್ಣದಾದದ್ದನ್ನು ನಾನು ಎಂದೂ ಕೇಳಿರಲಿಲ್ಲ. ಇಡೀ ವಾರ್ಡನ್ನು ಆಳಿದವಳು, ಆ ದೊಡ್ಡ ಮನೆಯಲ್ಲಿ ಈಗ ಒಬ್ಬಳೇ ಇದ್ದಾಳೆ. ಕೋಣೆ ನನ್ನ ಎದೆಗೋಸ್ಕರ ಮಾತ್ರ ಅಲ್ಲ ಎಂದು ನನಗೆ ಆಗ ಅರ್ಥವಾಯಿತು. ನನ್ನನ್ನು ಯಾರೂ ಕೇಳಲಿಲ್ಲ ಎಂದು ಇಷ್ಟು ಹೊತ್ತು ಕುದಿಯುತ್ತಿದ್ದೆ, ಅವಳನ್ನೂ ಯಾರೂ ಕೇಳಿರಲಿಲ್ಲ.

ಅಕ್ಕನೇ ಮಾತು ಬದಲಿಸಿದಳು. "ನಿಮ್ಮವರು ಏನು ಮಾಡ್ತಿದಾರೆ?"

ತೂತು ಕೊರೆಯಲು ಗುರುತು ಹಾಕಿದ್ದಾರೆ ಎಂದೆ.

"ಒಂದು ಸಾಲದು. ಎರಡು ಇರಬೇಕು, ಮೇಲೊಂದು, ಕೆಳಗೊಂದು. ಆ ರಜಾಯಿ ಬಿಸಿಲಿಗೆ ಹಾಕು. ನಾಳೆ ಬೆಳಿಗ್ಗೆ ಫೋನ್ ಮಾಡ್ತೀನಿ."

ಪರದೆ ಹಾಗೇ ಇರಲಿ ಅಕ್ಕ, ಹೋಗ್ತಾ ಬರ್ತಾ ಅಲ್ಲೇ ಇಳ್ಕೊಳ್ತೀವಿ ಎಂದೆ. ಬರುವಾಗ ಬ್ರೆಡ್ಡು ಮಾಡಿಕೊಂಡು ಬಾ ಎಂದಳು.

ಫೋನ್ ಇಟ್ಟು, ಎರಡಂತೆ, ಒಂದು ಕೆಳಗೆ ಎಂದು ನಮ್ಮವರಿಗೆ ಹೇಳಿದೆ. ಅವರು ನೆಲದ ಕಡೆ, ಫೋಮ್ ತುಂಬಿದ ಜಾಗದ ಕಡೆ ನೋಡಿದರು.

"ಕೆಳಗಿಂದು ಇದ್ದೇ ಇತ್ತು," ಎಂದರು. "ನಾನೇ ಮುಚ್ಚಿದ್ದು."

ಸ್ಕ್ರೂಡ್ರೈವರ್ ತೆಗೆದುಕೊಂಡು ವ್ಯಾನಿನ ಅಡಿಗೆ ತೆವಳಿದರು. ನಾನು ರಜಾಯಿಯನ್ನು ಚಾವಣಿಯ ಅಂಚಿನಿಂದ ಕರಡಿಯ ಮೇಲೆ ಬಿಸಿಲಿಗೆ ಇಳಿಬಿಟ್ಟೆ.