ನೋಡದೆ ಹೇಳಿದ ಆಕಾಶ

ದೀಪೇಶ ಮೊಬೈಲ್ ಟವರ್ ಹತ್ತುವ ಕೆಲಸಕ್ಕೆ ಸೇರಿದ ಮೇಲೆ ಬೆಳಗ್ಗಿನ ಚಹಾದ ಹೊತ್ತಿಗೆ ತಾಯಿಯನ್ನು ಕೇಳುವ ಮಾತು ಒಂದೇ: "ಅಮ್ಮಾ, ಇವತ್ತು ಮೋಡ ಹೇಗುಂಟು?"

ಫೋನಿನಲ್ಲಿ ನೋಡಿದರೆ ಅಕ್ಟೋಬರಿನ ಅಷ್ಟೂ ದಿನ ಗುಡುಗಿನ ಚಿತ್ರವೇ ಇರುತ್ತಿತ್ತು. ಅದನ್ನು ನಂಬಿ ಕೂತರೆ ಕೆಲಸ ಆದ ಹಾಗೆಯೇ. ತಾಯಿ ಮುದ್ದುವಿನ ಲೆಕ್ಕ ಹಾಗಲ್ಲ. ಐವತ್ತು ವರ್ಷ ಗದ್ದೆಯ ಬದುವಿನಲ್ಲಿ ನಿಂತು ಆಕಾಶ ನೋಡಿದ ಹೆಂಗಸು. ಜೂನ್ ತಿಂಗಳಲ್ಲಿ ಮೋಡ ಕಡಲ ಕಡೆಯಿಂದ ಬೂದಿ ಬಣ್ಣದ ಕಂಬಳಿಯ ಹಾಗೆ ಬಂದು ವಾರಗಟ್ಟಲೆ ಮುಚ್ಚಿಕೊಂಡಿರುತ್ತದೆ. ಮಳೆ ಎಷ್ಟು ಸುರಿದರೂ ಆಗ ಸಿಡಿಲು ಕಡಿಮೆ. ಚಳಿಗಾಲದಲ್ಲಿ ಹಿಂಜಿದ ಹತ್ತಿಯಂಥ ಎಳೆಗಳು ತುಂಬ ಎತ್ತರದಲ್ಲಿ ಒಂದೆರಡು, ಅದೂ ಇದ್ದರೆ. ಹೆದರಬೇಕಾದ್ದು ಮಳೆಗಾಲದ ಮುಂಚೆ ಮತ್ತು ಮುಗಿದ ಮೇಲೆ. ಆಗ ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಆದರೆ ಮೂಡು ದಿಕ್ಕಿನಲ್ಲಿ, ಘಟ್ಟದ ತಲೆಯ ಮೇಲೆ, ಹೂಕೋಸಿನಂಥ ಸಣ್ಣ ಸಣ್ಣ ಗೆಡ್ಡೆಗಳು ಆಗಲೇ ಮೂಡಿದ್ದರೆ, ಮಧ್ಯಾಹ್ನ ದಾಟುವುದರೊಳಗೆ ಅವು ಗುಡ್ಡದಷ್ಟು ಬೆಳೆದು ಸಿಡಿಲು ಹೊತ್ತುಕೊಂಡು ಕಡಲಿನತ್ತ ಹೊರಡುತ್ತವೆ.

ಪೇಟೆಯೊಳಗೆ, ಫಳ್ನೀರಿನ ಬಾಡಿಗೆ ಮನೆಗೆ ಇದ್ದದ್ದು ಪಡುವಣ ಕಿಟಕಿ ಮಾತ್ರ. ಮೂಡಣವನ್ನು ಹಿಂದಿನ ಎತ್ತರದ ಕಟ್ಟಡ ಪೂರ್ತಿ ನುಂಗಿತ್ತು. ಹಾಗಾಗಿ ದಿನವೂ ಎರಡು ಮಹಡಿ ಹತ್ತಿ, ತಾರಸಿಯಲ್ಲಿ ಒಂದು ಸುತ್ತು ತಿರುಗಿಯೇ ಅವಳು ಮಗನಿಗೆ ಉತ್ತರ ಕೊಡುತ್ತಿದ್ದಳು. ಆ ದಿನ ಮೊಣಕಾಲು ಊದಿತ್ತು. ಕಿಟಕಿಯಲ್ಲಿ ಇಣುಕಿದಳು. ಒಂದು ಚೂರೂ ಮೋಡವಿಲ್ಲ.

"ಐದು ಗಂಟೆವರೆಗೆ ಎಂತ ಹೆದರಿಕೆ ಇಲ್ಲ, ಹೋಗು."

"ಮೇಲೆ ಹೋಗಿ ನೋಡಿದ್ದಾ?"

"ನೋಡಿದೆ ಮಾರಾಯ, ಎಷ್ಟು ಸಲ ಹೇಳುದು!"

ಎರಡೂವರೆಯ ಹೊತ್ತಿಗೆ ಬೆಳ್ಳುಳ್ಳಿ ಸುಲಿಯುತ್ತಿದ್ದಾಗ ಮನೆಯ ಬೆನ್ನಿನ ಕಡೆ ಏನೋ ಉರುಳಿದಂತಾಯಿತು.

"ಲಾರಿಯಾ ಅತ್ತೆ?" ಎಂದಳು ಸೊಸೆ ಮೋಕ್ಷಾ.

ಮುದ್ದು ಬೆಳ್ಳುಳ್ಳಿ ಬಿಟ್ಟು ಎದ್ದಳು. ಕಿಟಕಿಯಲ್ಲಿ ಇನ್ನೂ ನೀಲಿಯೇ ಇತ್ತು. ಸದ್ದು ಬಂದದ್ದು ಮೂಡು ದಿಕ್ಕಿನಿಂದ. "ಅವನಿಗೆ ಫೋನ್ ಮಾಡು. ಬೇಗ."

"ಟವರಿಗೆ ಫೋನ್ ಕೊಂಡೋಗ್ಲಿಕ್ಕಿಲ್ಲ ಅತ್ತೆ. ಕೆಳಗೆ ನಿಝಾರ್ ಇರ್ತಾರೆ." ಮೋಕ್ಷಾ ಜೊತೆ ಕೆಲಸಗಾರನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು.

"ಇಲ್ಲಿ ಬಿಕರ್ನಕಟ್ಟೆಯಲ್ಲಿ ಪೂರ್ತಿ ಕಪ್ಪಾಗಿದೆ!" ನಿಝಾರ್ ಗಾಳಿಯ ನಡುವೆ ಕಿರುಚುತ್ತಿದ್ದ. "ಅವ ನೂರು ಅಡಿ ಮೇಲಿದ್ದಾನೆ. ನಾನು ಆಗದಿಂದ ಬೊಬ್ಬೆ ಹಾಕ್ತಾ ಇದ್ದೇನೆ. ಐದು ಬೆರಳು ತೋರಿಸ್ತಾನೆ. ಐದು ಗಂಟೆವರೆಗೆ ಎಂತ ಇಲ್ಲ, ಅಮ್ಮ ಹೇಳಿದ್ದಾರಂತೆ! ನಾನು ಪುಕ್ಕಲನಂತೆ!"

"ಹಗ್ಗ ಎಳಿ ಮಗಾ!"

"ಎಳ್ದೆ ಮಾಮಿ. ಸ್ಪ್ಯಾನರ್ ಬೇಕಾ ಅಂತ ಕೇಳಿದೆ ಅಂದ್ಕೊಂಡು ಬೇಡ ಅಂತ ಕೈ ಆಡಿಸಿದ."

ಸಾಮಾನು ಮೇಲೆ ಕಳಿಸುವ ಹಗ್ಗ ಅದು. ತುದಿಯಲ್ಲಿ ಕ್ಯಾನ್ವಾಸ್ ಚೀಲ ಇರುತ್ತದೆಂದು ಮಗ ಹೇಳಿದ್ದು ಅವಳಿಗೆ ನೆನಪಿತ್ತು. "ಈ ಫೋನನ್ನೇ ಚೀಲದಲ್ಲಿ ಹಾಕು. ಕಟ್ ಮಾಡ್ಬೇಡ. ಮೇಲೆ ಕಳ್ಸು."

ಫೋನು ಚೀಲಕ್ಕೆ ಬಿತ್ತು. ಆಮೇಲೆ ಬಟ್ಟೆ ಉಜ್ಜುವ ಸದ್ದು, ಕಬ್ಬಿಣಕ್ಕೆ ತಾಗುವ ಸದ್ದು, ರಾಟೆಯ ಕಿರುಗುಟ್ಟುವಿಕೆ. ನೂರು ಅಡಿ ಅಷ್ಟು ದೂರವೆಂದು ಅವಳಿಗೆ ಗೊತ್ತಿರಲಿಲ್ಲ. ನಡುವೆ ಒಮ್ಮೆ ಗುಡುಗಿತು. ಫೋನಿನಲ್ಲಿ ಮೊದಲು, ಮನೆಯ ಗೋಡೆಯಲ್ಲಿ ಆಮೇಲೆ.

"ಎಂತದು ನಿಝಾರೆ, ಫೋನ್ ಕಳ್ಸಿದ್ದಿ?" ದೀಪೇಶನ ದನಿ.

"ನಾನು. ಇಳಿ ಈಗಲೇ."

"ಐದು ಗಂಟೆ ಅಂತ ನೀನೇ ಹೇಳಿದ್ದಲ್ಲ? ನಾಲ್ಕು ಬೋಲ್ಟ್ ಉಂಟು ಅಷ್ಟೆ. ಇದು ದಾಟಿ ಹೋಗುವ ಮೋಡ ಅಲ್ವಾ?"

ಹೌದೆಂದರೆ ನಂಬುತ್ತಾನೆ. ಸುಮ್ಮನೆ ಇಳಿ ಎಂದರೆ ಮುದುಕಿಗೆ ಗಾಬರಿ ಎಂದು ಬೋಲ್ಟಿಗೆ ಕೈ ಹಾಕುತ್ತಾನೆ. "ನಾನು ಬೆಳಗ್ಗೆ ಮೇಲೆ ಹೋಗ್ಲಿಲ್ಲ ಮಗಾ. ಕಾಲುನೋವು. ಕಿಟಕಿಯಲ್ಲಿ ನೋಡಿ ಹೇಳಿದ್ದು. ಮೂಡು ದಿಕ್ಕು ನೋಡ್ಲೇ ಇಲ್ಲ. ಸುಳ್ಳು ಹೇಳಿದೆ."

ಅವನು ತಲೆಯೆತ್ತಿ ನೋಡಿರಬೇಕು.

"ಅಯ್ಯೋ ದೇವರೇ," ಎಂದ, ಸಣ್ಣ ಮಗುವಿನ ದನಿಯಲ್ಲಿ. ಫೋನು ಚೀಲದೊಳಗೆ ಬಿತ್ತು. ಏನೋ ಸಿಡಿದಂತಾಗಿ ಕರೆ ತುಂಡಾಯಿತು.

ಮೋಕ್ಷಾ ಮತ್ತೆ ಮತ್ತೆ ಒತ್ತಿದಳು. ಹೋಗುತ್ತಿರಲಿಲ್ಲ. ಮುದ್ದು ಸೊಸೆಯ ಕೈಯಿಂದ ಫೋನು ಕಿತ್ತುಕೊಂಡು, ಗೋಡೆ ಹಿಡಿದುಕೊಂಡು, ಊದಿದ ಕಾಲನ್ನು ಎಳೆದುಕೊಂಡು ತಾರಸಿಗೆ ಹತ್ತಿದಳು. ಬುಡ ಕಪ್ಪಾದ, ತಲೆ ಚಪ್ಪಟೆಯಾಗಿ ಹರಡಿಕೊಂಡ ಮೋಡದ ಗುಡ್ಡವೊಂದು ಮೂಡಣದಿಂದ ಅರ್ಧ ಆಕಾಶ ತುಂಬಿ ನಿಂತಿತ್ತು. ಬಿಕರ್ನಕಟ್ಟೆ ಇರಬೇಕಾದ ಕಡೆ ಬಿಳಿ ಮಳೆಯ ಗೋಡೆ. ಅದರೊಳಗೆ ಮಿಂಚು ಇಳಿಯಿತು. ಗುಡುಗು ಕೇಳುವವರೆಗೆ ಒಂದು, ಎರಡು, ಮೂರು ಎಂದು ಎಣಿಸುತ್ತಾ ಅವಳು ನೀರಿನ ಟ್ಯಾಂಕಿಗೆ ಒರಗಿದಳು. ಬೆಳಗ್ಗೆ ಹತ್ತಲಾಗದಿದ್ದ ಮೆಟ್ಟಿಲನ್ನು ಈಗ ಹೇಗೆ ಹತ್ತಿದೆನೆಂದು ಅವಳಿಗೇ ತಿಳಿಯಲಿಲ್ಲ. ಬೆಳಗ್ಗೆಯೂ ಹೀಗೇ ಹತ್ತಬಹುದಿತ್ತೆಂದು ತಿಳಿದಾಗ ಅಳು ಬಂತು.

ಏಳೆಂಟು ನಿಮಿಷದ ಮೇಲೆ ಫೋನು ರಿಂಗಾಯಿತು.

"ಇಳ್ದ ಮಾಮಿ," ನಿಝಾರ್ ಏದುಸಿರು ಬಿಡುತ್ತಿದ್ದ. "ವ್ಯಾನಿನೊಳಗೆ ಕೂತಿದ್ದಾನೆ. ಪಕ್ಕದ ತೆಂಗಿಗೆ ಸಿಡಿಲು ಬಡೀತು. ನಡುಗ್ತಾ ಇದ್ದಾನೆ, ಮಾತು ಬರುದಿಲ್ಲ."

"ಒಮ್ಮೆ ಕೊಡು."

ಮೊದಲ ದಪ್ಪ ಹನಿಗಳು ತಾರಸಿಗೆ ಬಿದ್ದವು.

"ಮಳೆಯ ಸದ್ದು ಕೇಳ್ತದೆ," ಎಂದ ದೀಪೇಶ. "ನೀನೆಲ್ಲಿದ್ದಿ?"

"ತಾರಸಿಯಲ್ಲಿ."

"ಸಿಡಿಲಿಗೆ ತಾರಸಿಯಲ್ಲಿ ನಿಂತಿದ್ದೀಯಾ? ಇಳಿ ಮಾರಾಯ್ತಿ! ಮೊದ್ಲು ಇಳಿ!"

ಅವನು ಕಿರುಚುತ್ತಲೇ ಇದ್ದ. ಮುದ್ದು ಫೋನನ್ನು ಸೆರಗಿನೊಳಗೆ ಒತ್ತಿಕೊಂಡು, ಒಂದೊಂದೇ ಮೆಟ್ಟಿಲಿಗೆ ಕುಳಿತು, ಕೆಳಗೆ ಜಾರತೊಡಗಿದಳು.