ನಾಳೆ ಬರುವ ರಾಜರು

ಅನಿಲ್‌ಕುಮಾರನ ಕೈಗೆ ಲ್ಯಾಕ್ಟೋಮೀಟರ್ ಬಂತೆಂದರೆ ಹೆತ್ತ ತಾಯಿ ಎದುರು ನಿಂತರೂ ಗುರುತು ಸಿಗುತ್ತಿರಲಿಲ್ಲ. ಶಾಂತಿಗ್ರಾಮದ ಹತ್ತಿರದ ಅವನ ಊರಿನ ಡೈರಿಯಲ್ಲಿ ಹಾಲು ಟೆಸ್ಟ್ ಮಾಡುವವನು ಅವನೇ. ಮೀಟರ್ ಅದ್ದಿ, ಕಣ್ಣು ಕಿರಿದು ಮಾಡಿ ನೋಡಿ, ಹೂಂ ಅಂದರೆ ಹಾಲು ಕ್ಯಾನಿಗೆ, ಊಹೂಂ ಅಂದರೆ ವಾಪಸ್ ಮನೆಗೆ. ಹಸು ಕೊಳ್ಳುವವರು, ಮೊಬೈಲ್ ಕೊಳ್ಳುವವರು, ಕೊನೆಗೆ ಮಿಕ್ಸಿ ಕೊಳ್ಳುವವರೂ ಅವನನ್ನೊಂದು ಮಾತು ಕೇಳಿಯೇ ದುಡ್ಡು ಬಿಚ್ಚುತ್ತಿದ್ದರು. ಅನಿಲಣ್ಣ ಹೇಳಿದ ಮೇಲೆ ಮುಗಿಯಿತು ಅನ್ನುವುದು ಊರ ಮಾತು. ಅದು ಕಿವಿಗೆ ಬಿದ್ದಾಗಲೆಲ್ಲ ಅವನು ಎದೆ ಸ್ವಲ್ಪ ಮುಂದೆ ಮಾಡಿ ನಿಲ್ಲುತ್ತಿದ್ದ.

ಆ ಶುಕ್ರವಾರ ಬೆಳಗ್ಗೆ ಲಕ್ಕಮ್ಮನ ಹಾಲಿನಲ್ಲಿ ಮೀಟರ್ ಇಳಿಯಿತು, ಇನ್ನೂ ಇಳಿಯಿತು. ಒಂಟಿ ಹಸು ಇಟ್ಟುಕೊಂಡು ಬದುಕುವ ಮುದುಕಿ ಅವಳು.

"ಇವತ್ತೊಂದಿನ ತಗಂಬುಡು ಕಣಪ್ಪ. ನಾಳಿಂದ ಗಟ್ಟಿ ಹಾಲು ತತ್ತೀನಿ," ಅಂದಳು.

"ನಾಳೆ ಹಾಲ್ನ ನಾಳೆ ನೋಡಣ. ಇದು ನೀರು ಕಣಜ್ಜಿ," ಅಂದ ಅನಿಲ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಮುದುಕಿ ತಲೆ ತಗ್ಗಿಸಿಕೊಂಡು ಹೋದಳು.

ಇಂಥ ಮಹಾ ಪರೀಕ್ಷಕ ಮನೆಯಲ್ಲಿ ಮಾಡಿಕೊಂಡಿದ್ದೇನು? ಇನ್ನೂ ತಯಾರೇ ಆಗದ ಒಂದು ವಿಡಿಯೋ ಗೇಮಿಗೆ ತಿಂಗಳುಗಳ ಹಿಂದೆಯೇ ಪೂರ್ತಿ ದುಡ್ಡು ಕಟ್ಟಿ ಕಾಯುತ್ತಾ ಕೂತಿದ್ದ. 'ವಾರ್ ಆಫ್ ನೈನ್ ಕಿಂಗ್ಸ್' ಅಂತ ಅದರ ಹೆಸರು. ಒಂಬತ್ತು ರಾಜರು, ಒಂಬತ್ತು ರಾಜ್ಯ, ಒಂದೇ ಸಿಂಹಾಸನ. ಅವನು ನೋಡಿದ್ದು ಬರೀ ಎರಡು ನಿಮಿಷದ ಟ್ರೇಲರ್. ಅದರಲ್ಲಿ ಬೆಂಕಿ, ಆನೆ, ಹಿಂದಿನಿಂದ ಗೊಗ್ಗರು ದನಿಯಲ್ಲಿ ಯಾರೋ ಗುಡುಗುವುದು. ಕಂಪನಿಯಿಂದ ಗೇಮ್ ಆಡುವ ಕುರ್ಚಿಯೊಂದನ್ನು ಬಿಟ್ಟಿ ಗಿಟ್ಟಿಸಿಕೊಂಡಿದ್ದ ಯೂಟ್ಯೂಬಿನ ಹುಡುಗನೊಬ್ಬ ಇದು ಈ ಶತಮಾನದ ಗೇಮು ಅಂದುಬಿಟ್ಟಿದ್ದ. ಅಷ್ಟು ಸಾಕಾಯಿತು ನಮ್ಮ ಅನಿಲನಿಗೆ. ಲಕ್ಕಮ್ಮನ ಮೂರು ಲೀಟರ್ ಹಾಲಿನ ಮೇಲೆ ಇದ್ದ ಅನುಮಾನ ತನ್ನ ಮೂರು ಸಾವಿರ ರೂಪಾಯಿಯ ಮೇಲೆ ಇರಲಿಲ್ಲ.

ಅವತ್ತು ಗೇಮ್ ಬಿಡುಗಡೆ. ಡೌನ್‌ಲೋಡ್ ಅರ್ಧವೂ ಆಗಿರಲಿಲ್ಲ, ಆಗಲೇ ಐದು ಸ್ಟಾರ್ ಒತ್ತಿ, ವಾಟ್ಸಾಪಿನಲ್ಲಿ ಸ್ಟೇಟಸ್ ಹಾಕಿದ. ಅದನ್ನು ನೋಡಿ ಅರಕಲಗೂಡಿನಿಂದ ಅವನ ಚಿಕ್ಕಪ್ಪನ ಮಗ ದೇವರಾಜ ಫೋನ್ ಮಾಡಿದ. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವನು, ಹಬ್ಬದ ಬೋನಸ್ಸನ್ನು ಮುಟ್ಟದೆ ಇದಕ್ಕೆಂದೇ ಇಟ್ಟಿದ್ದನಂತೆ. ನೀನು ಆಡಿ ನೋಡಿ ಹೇಳು ಅಣ್ಣ, ಆಮೇಲೆ ಕೊಳ್ಳುತ್ತೇನೆ ಅಂದ. ಇಡೀ ವಂಶದಲ್ಲಿ ನೋಡಿ ಕೊಳ್ಳಬೇಕೆಂಬ ಬುದ್ಧಿ ಇದ್ದವನು ಅವನೊಬ್ಬನೇ. ಪಾಪ, ನೋಡುವ ಕೆಲಸವನ್ನು ಅನಿಲನಿಗೆ ವಹಿಸಿದ.

ಗೇಮ್ ಶುರುವಾಯಿತು. ರಾಜನ ಕುದುರೆ ನಾಲ್ಕು ಹೆಜ್ಜೆ ಹಾಕಿ ಹೊಟ್ಟೆಯವರೆಗೂ ನೆಲದಲ್ಲಿ ಹೂತುಹೋಯಿತು. ಸೇನಾಪತಿಗೆ ಮುಖವೇ ಇರಲಿಲ್ಲ, ಹಲ್ಲು ಮಾತ್ರ ಗಾಳಿಯಲ್ಲಿ ಮಾತಾಡುತ್ತಿತ್ತು. ಒಂಬತ್ತು ರಾಜರಲ್ಲಿ ಬಂದಿದ್ದವರು ಮೂವರು. ಉಳಿದವರು ಮುಂದಿನ ಅಪ್‌ಡೇಟಿನಲ್ಲಿ ದಯಮಾಡಿಸುತ್ತಾರೆ, ಅವರಲ್ಲಿ ಇಬ್ಬರಿಗೆ ದುಡ್ಡು ಬೇರೆ ಅಂತ ತೆರೆಯ ಮೇಲೆ ಮೂಡಿತು. ಇವತ್ತು ತಗೊಂಡುಬಿಡು, ನಾಳೆಯಿಂದ ಗಟ್ಟಿ ಹಾಲು! ಲಕ್ಕಮ್ಮನಾದರೂ ಬಾಯಿಬಿಟ್ಟು ಬೇಡಿಕೊಂಡಿದ್ದಳು. ಈ ಕಂಪನಿಯವರು ಮುಂಗಡವಾಗಿಯೇ ವಸೂಲು ಮಾಡಿಕೊಂಡಿದ್ದರು.

ಅನಿಲ ಗೇಮ್ ಮುಚ್ಚಿ ಮತ್ತೆ ತೆರೆದ, ಕುದುರೆ ಮತ್ತೆ ಹೂತಿತು. ಅವನಿಗೆ ನಾಚಿಕೆಯಾಯಿತು. ಹೆಂಡತಿ ಸ್ನೇಹಲತಾ ಬಾಗಿಲಲ್ಲಿ ನಿಂತು ಹೂತ ಕುದುರೆಯನ್ನು ನೋಡಿ ನಕ್ಕಳು. ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೊಡುತ್ತಾರೆ ಅಂತ ಅಲ್ಲೇ ಬರೆದಿದ್ದನ್ನು ಬೆರಳಿಟ್ಟು ತೋರಿಸಿದವಳೂ ಅವಳೇ. ಹುಳುಕು ಬದನೆಕಾಯಿ ವಾಪಸ್ ಕೊಡೋಕೆ ಯಾರಾದರೂ ನಾಚುತ್ತಾರಾ ಅಂದಳು. ಆದರೆ ಬದನೆಕಾಯಿಗೆ ಯಾರೂ ಸ್ಟೇಟಸ್ ಹಾಕಿರುವುದಿಲ್ಲವಲ್ಲ. ವಾಪಸ್ ಕೊಟ್ಟ ಸುದ್ದಿ ಹಬ್ಬಿದರೆ ಡೈರಿ ಸಾಲಿನಲ್ಲಿ ನಗುವ ಸರದಿ ಬೇರೆಯವರದು. ಅವನು ಹಠ ಹಿಡಿದು ಎರಡು ಗಂಟೆ ದಾಟುವ ತನಕ ಆಡಿದ.

ಸಂಜೆ ಡೈರಿಗೆ ಹೊರಡುವ ಹೊತ್ತಿಗೆ ದೇವರಾಜ ಮತ್ತೆ ಫೋನ್ ಮಾಡಿ ಹೇಗಿದೆ ಅಂತ ಕೇಳಿದ. ನಿಜ ಅನಿಲನ ನಾಲಿಗೆಯ ತುದಿಯವರೆಗೂ ಬಂತು. ಆದರೆ ತಾನೊಬ್ಬನೇ ಪೆದ್ದನಾಗುವ ಬದಲು ಅರಕಲಗೂಡಿನಲ್ಲೂ ಒಬ್ಬನಿರಲಿ ಅನ್ನಿಸಿತು.

"ಸೂಪರಾಗೈತೆ ಕಣ್ಲಾ. ಕಣ್ಮುಚ್ಕಂಡು ತಗಾ."

ಮಾರನೆಯ ಬೆಳಗ್ಗೆ ಡೈರಿಯಲ್ಲಿ ಸಾಲು ನಿಂತಿತ್ತು, ಮುಂದೆ ಲಕ್ಕಮ್ಮ. ಅಷ್ಟರಲ್ಲಿ ಫೋನ್ ಬಂತು.

"ಅಣ್ಣ, ಕುದ್ರೆ ನೆಲದೊಳಿಕ್ಕೆ ಓಯ್ತದೆ. ನಿಂಗೂ ಇಂಗೇ ಆಯ್ತಾ?" ಅಂದ ದೇವರಾಜ.

ಸಾಲಿನ ಜನ ಕಿವಿಗೊಟ್ಟು ನಿಂತಿದ್ದರು. ಅನಿಲ ಅವರ ಮುಖ ನೋಡಿದ.

"ನಂಗೇನೂ ಆಗ್ಲಿಲ್ವಲ್ಲ. ನಿನ್ ಕಂಪ್ಯೂಟ್ರೇ ಸರಿಗಿಲ್ಲ ಕಣ್ಲಾ."

ದೇವರಾಜ ಬೈದಿದ್ದರೆ ಅನಿಲನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಅಂಗಾರೆ ಇವತ್ತೇ ಆಸನ ಟೌನಿಗೋಗಿ ಒಸ ಗ್ರಾಫಿಕ್ಸ್ ಕಾರ್ಡ್ ಆಕುಸ್ಕಬತ್ತೀನಿ ಅಣ್ಣ. ನೀನು ಯೇಳುದ್ಮೇಲೆ ಮುಗೀತು."

ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಆ ಕಾರ್ಡಿನ ಬೆಲೆ ಗೇಮಿನ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚೆಂದು ಅನಿಲನಿಗೆ ಗೊತ್ತಿತ್ತು. ಬೇಡ ಅನ್ನಲು ಬಾಯಿ ತೆರೆದ, ಅಷ್ಟರಲ್ಲಿ ಫೋನ್ ಕಟ್ಟಾಗಿತ್ತು. ಮತ್ತೆ ಮಾಡಬಹುದಿತ್ತು. ಮಾಡಲಿಲ್ಲ. ಫೋನನ್ನು ಜೇಬಿಗೆ ಹಾಕಿಕೊಂಡು ಮೀಟರ್ ಎತ್ತಿಕೊಂಡ.

ಲಕ್ಕಮ್ಮನ ಹಾಲಿನಲ್ಲಿ ಮೀಟರ್ ಈ ಸಲ ಮೇಲೇ ನಿಂತಿತು. ಹೇಳಿದ ಹಾಗೆಯೇ ಗಟ್ಟಿ ಹಾಲು ತಂದಿದ್ದಳು ಮುದುಕಿ.

"ಇವತ್ತು ಸರ್ಯಾಗೈತೇನಪ್ಪ?" ಅಂತ ಹೆದರಿಕೊಂಡೇ ಕೇಳಿದಳು.

"ಸರ್ಯಾಗೈತೆ ಕಣಜ್ಜಿ," ಅಂದ ಅನಿಲ. ಬೆಳಗಿನಿಂದ ಅವನ ಬಾಯಲ್ಲಿ ಬಂದ ಮೊದಲ ನಿಜ ಅದು. ಸಾಲಿನಲ್ಲಿದ್ದವರು ಫೋನಿನಲ್ಲಿ ಆಡಿದ್ದನ್ನು ನಂಬಿದ ಹಾಗೆಯೇ ಅದನ್ನೂ ನಂಬಿದರು.