ಒಂದು ಭುಜ ತಗ್ಗಿದ ದೃಷ್ಟಿಗೊಂಬೆ

ನಾನು ಒಂದು ದೃಷ್ಟಿಗೊಂಬೆ. ಹೊಸ ಮನೆ ಕಟ್ಟುವಾಗ ಸಾರುವೆಯ ಕಂಬಕ್ಕೆ ಕಟ್ಟಿ ನಿಲ್ಲಿಸುತ್ತಾರಲ್ಲ, ದಾರಿಯಲ್ಲಿ ಹೋಗುವವರೆಲ್ಲ ಒಮ್ಮೆ ತಲೆಯೆತ್ತಿ ನೋಡುತ್ತಾರಲ್ಲ, ಅದೇ. ಮನೆಯ ಮೇಲೆ ಬೀಳಬೇಕಾದ ಕೆಟ್ಟ ಕಣ್ಣು ಮೊದಲು ನನ್ನ ಮೇಲೆ ಬೀಳಬೇಕು. ಜನರ ಹೊಟ್ಟೆಕಿಚ್ಚೆಲ್ಲ ನನಗೆ ತಗುಲಿ, ಕಟ್ಟಿಸಿದವರು ತಣ್ಣಗಿರಬೇಕು. ನನ್ನ ಕಸುಬು ಇಷ್ಟೇ, ಮರ್ಯಾದೆಯ ಕಸುಬೇನಲ್ಲ.

ನಾನು ಹುಟ್ಟಿದ್ದು ತಿಪಟೂರಿನ ಹೊರಗಿನ ಒಂದು ಹೊಸ ಬಡಾವಣೆಯಲ್ಲಿ, ಸಿಮೆಂಟು ಇಡುವ ತಗಡಿನ ಶೆಡ್ಡಿನ ನೆರಳಿನಲ್ಲಿ. ಬೇರೆ ಕಡೆಯ ಗೊಂಬೆಗಳಿಗೆ ಒಳಗೆ ಹುಲ್ಲು ತುರುಕುತ್ತಾರಂತೆ. ತಿಪಟೂರಿನಲ್ಲಿ ತೆಂಗಿನ ನಾರಿಗೇನು ಬರವೇ, ನನ್ನ ಹೊಟ್ಟೆಯೆಲ್ಲ ನಾರು. ತಲೆ ಮಾತ್ರ ಬಿರುಕು ಬಿಟ್ಟ ಮಡಕೆ. ಗಾರೆ ಕೆಲಸಕ್ಕೆ ಬರುತ್ತಿದ್ದ ಹನುಮಕ್ಕ ಅದಕ್ಕೆ ಸುಣ್ಣ ಬಳಿದು, ಇದ್ದಿಲಿನಲ್ಲಿ ಮೀಸೆ ತೀಡಿ, ಕೆಮ್ಮಣ್ಣಿನಲ್ಲಿ ಉದ್ದದ ನಾಲಿಗೆ ಎಳೆದಳು. ದೂರ ನಿಂತು ನೋಡಿ, "ಥೂ, ನನ್ ಗಂಡ ಕುಡ್ಕಂಡು ಬಂದಂಗೈತೆ" ಎಂದು ನಕ್ಕಳು. ನನ್ನ ರೂಪವನ್ನು ಕುರಿತು ನಾನು ಕೇಳಿದ ಮೊದಲ ಮಾತು ಅದು.

ಹರಿದ ಪ್ಯಾಂಟು ಮೇಸ್ತ್ರಿಯದು. ಅಂಗಿಯೊಂದು ಬೇಕಾಗಿತ್ತು. ಮೇಸ್ತ್ರಿ ತಿಮ್ಮರಾಜು ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದ ಬಟ್ಟೆಯ ಗಂಟಿಗೆ ಕೈ ಹಾಕಿ, ಸಿಕ್ಕಿದ್ದನ್ನು ಎಳೆದು ಹನುಮಕ್ಕನತ್ತ ಎಸೆದ. ತಿಳಿ ಹಸಿರು ಬಣ್ಣದ ಗೆರೆಯಂಗಿ, ಹಳೆಯದಾದರೂ ಇಸ್ತ್ರಿಯ ಮಡಿಕೆ ಹೋಗಿರಲಿಲ್ಲ. ತೊಡಿಸಿದರೆ ನನ್ನ ಬಲಭುಜ ಯಾಕೋ ತಗ್ಗಾಯಿತು. ಹನುಮಕ್ಕ ಇನ್ನಷ್ಟು ನಾರು ತುರುಕಿ ನೋಡಿದಳು, ಭುಜ ಏಳಲಿಲ್ಲ. ಕೊನೆಗೆ ಪದ್ಧತಿಯಂತೆ ಕೊರಳಿಗೆ ಒಂದು ಸವೆದ ಚಪ್ಪಲಿ ಕಟ್ಟಿ, ನನ್ನನ್ನು ಮೇಲಕ್ಕೆ ಏರಿಸಿ, ರಸ್ತೆಗೆ ಮುಖ ಮಾಡಿ ಬಿಗಿದರು.

ಸಂಜೆ ಮನೆಯ ಯಜಮಾನ ಬಂದ. ಹೆಸರು ಓಂಕಾರಪ್ಪ, ಪೇಟೆಯಲ್ಲಿ ಟೈಲರ್ ಅಂಗಡಿ. ಮದುವೆಯಾದಾಗಿನಿಂದ ಬಾಡಿಗೆ ಮನೆಗಳಲ್ಲೇ ಬಾಳು ಸವೆಸಿದವನು. ಮನೆ ಕಟ್ಟಿ ನೋಡು ಎಂದು ದೊಡ್ಡವರು ಹೇಳಿದ್ದನ್ನು ಅವನೂ ಕೇಳಿದ್ದ. ಆದರೆ ನೋಡಬೇಕಾದದ್ದು ಮೇಸ್ತ್ರಿಯ ಬೆನ್ನನ್ನು ಎಂದು ಯಾರೂ ಹೇಳಿರಲಿಲ್ಲ. ತಿಮ್ಮರಾಜು ಒಂದೇ ಸಲ ಎಷ್ಟು ಮನೆ ಒಪ್ಪಿಕೊಂಡಿದ್ದನೋ ಅವನಿಗೇ ಗೊತ್ತಿರಲಿಲ್ಲ. ಬೆಳಿಗ್ಗೆ ಬಂದು ಗೋಡೆಗೆ ದಾರ ಕಟ್ಟಿ, "ಈಗ್ಬಂದೆ" ಎಂದು ಹೋದರೆ, ದಾರದ ಮೇಲೆ ಜೇಡ ಮನೆ ಕಟ್ಟಿಕೊಂಡು ಒಕ್ಕಲಾಗುತ್ತಿತ್ತು. ಒಮ್ಮೆ ಅವನ ಅತ್ತಿಗೆಯ ತಾಯಿ ತೀರಿಕೊಂಡರು. ಇನ್ನೊಂದು ತಿಂಗಳಿಗೆ ಮತ್ತೆ ತೀರಿಕೊಂಡರು. ಓಂಕಾರಪ್ಪ ಎರಡನೆಯ ಸಲವೂ ಅಯ್ಯೋ ಪಾಪ ಎಂದ. ಎದುರು ಮಾತಾಡಿದರೆ ಮೇಸ್ತ್ರಿ ಬಿಟ್ಟುಹೋಗುತ್ತಾನೆಂಬ ಭಯ.

ಅಂಥ ಕಷ್ಟದಲ್ಲಿ ಅವನಿಗಿದ್ದ ಒಂದೇ ಬಲ ಎದುರು ಮನೆಯ ಪುಟ್ಟಗೌರಮ್ಮ. ಅಂಗನವಾಡಿಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಗಂಡ ಗಂಗಾಧರಯ್ಯ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊತ್ತು ತೂಕಕ್ಕೆ ಇಡುತ್ತಿದ್ದವರು, ಹಿಂದಿನ ವರ್ಷ ಕಾಲವಾಗಿದ್ದರು. ಬಡಾವಣೆಗೆ ಇನ್ನೂ ನಲ್ಲಿ ಬಂದಿರಲಿಲ್ಲ. ಗೌರಮ್ಮ ತಮ್ಮ ಬೋರಿನಿಂದ ರಸ್ತೆಗೆ ಅಡ್ಡವಾಗಿ ಪೈಪು ಹಾಕಿಸಿಕೊಟ್ಟು, "ಗೋಡೆಗೆ ಚೆನ್ನಾಗಿ ನೀರು ಕುಡಿಸಪ್ಪ, ಜಿಪುಣತನ ಮಾಡ್ಬೇಡ" ಎಂದಿದ್ದರು. ಆ ನೀರಿಲ್ಲದಿದ್ದರೆ ಆ ಮನೆ ಪಾಯದಲ್ಲೇ ನಿಲ್ಲುತ್ತಿತ್ತು.

ಓಂಕಾರಪ್ಪ ಸೈಕಲ್ ನಿಲ್ಲಿಸಿ ತಲೆಯೆತ್ತಿದ. ನನ್ನನ್ನು ನೋಡಿ ಮೊದಲು ನಕ್ಕ. ಆಮೇಲೆ ಅವನ ಕಣ್ಣು ನನ್ನ ಬಲಭುಜದ ಮೇಲೆ ನಿಂತಿತು, ನಗು ಹಾಗೇ ಇಳಿಯಿತು. ದರ್ಜಿಯ ಕಣ್ಣು, ತನ್ನ ಕತ್ತರಿ ಆಡಿದ ಜಾಗ ಗುರುತಾಗದೆ ಇರುತ್ತದೆಯೇ? ಮೂಟೆ ಹೊತ್ತು ಹೊತ್ತು ಒಂದು ಕಡೆ ಇಳಿದುಹೋದ ಭುಜಕ್ಕೆಂದು, ಅಂಗಿ ಜೋತು ಬೀಳದ ಹಾಗೆ, ಅವನೇ ಅಳತೆ ತೆಗೆದು ಹೊಲಿದದ್ದು ಅದು. ಗಂಗಾಧರಯ್ಯನವರ ಅಂಗಿ.

ಗಂಡ ಹೋಗಿ ವರ್ಷ ತುಂಬಿದ ಮೇಲೆ ಗೌರಮ್ಮ ಆ ಬಟ್ಟೆಗಳನ್ನು ಒಗೆದು, ಇಸ್ತ್ರಿ ಮಾಡಿಸಿ, ಗಂಟು ಕಟ್ಟಿ ಓಂಕಾರಪ್ಪನ ಕೈಯಲ್ಲಿಟ್ಟಿದ್ದರು. "ಪೆಟ್ಟಿಗೇಲಿಟ್ಟು ನುಸಿ ತಿನ್ಸೋದು ಬೇಡ. ನಿನ್ ಕೆಲಸದೋರಿಗೆ ಕೊಡಪ್ಪ. ಯಾರಾದ್ರೂ ತೊಟ್ಕೊಂಡು ಓಡಾಡ್ಲಿ" ಎಂದಿದ್ದರಂತೆ. ಓಂಕಾರಪ್ಪ ಗಂಟನ್ನು ಶೆಡ್ಡಿನಲ್ಲಿಟ್ಟ. ಅಷ್ಟರಲ್ಲಿ ಮರಳಿನ ಲಾರಿ ಬಂತು, ಅದು ಮಣ್ಣು ಬೆರೆತ ಮರಳು ಎಂದು ಜಗಳ ಬಂತು, ಗಂಟು ಮರೆತುಹೋಯಿತು.

"ತಿಮ್ಮರಾಜು, ಆ ಅಂಗಿ ಬಿಚ್ಸು" ಎಂದ ಓಂಕಾರಪ್ಪ.

"ಯಾಕಣ್ಣ?"

"ಅದು ಎದುರು ಮನೆ ಯಜಮಾನ್ರದು. ಕೊರಳಿಗೆ ಚಪ್ಲಿ ಬೇರೆ ಕಟ್ಟಿದೀರ. ಅವ್ರು ನೋಡಿದ್ರೆ ಏನಂದ್ಕೊಂತಾರೆ?"

ಮೇಸ್ತ್ರಿ ಬೀಡಿ ಆರಿಸಿದ. "ಕಟ್ಟಿದ್ ಗೊಂಬೆ ಮನೆ ಕೆಲ್ಸ ಮುಗಿಯೋಗಂಟ ಬಿಚ್ಚಂಗಿಲ್ಲ ಕಣಣ್ಣ. ಬಿಚ್ಚಿದ್ರೆ ಅದಕ್ಕೆ ಬಡ್ದಿದ್ದೆಲ್ಲ ಮನೇಗೇ ಬಡೀತೈತೆ."

"ಗೊಂಬೆ ಇರ್ಲಿ. ಅಂಗಿ ಮಾತ್ರ ಬದಲಾಯ್ಸು."

"ಎರಡೂ ಒಂದೇಯ. ನಾಳೆ ಮೋಲ್ಡು. ಮ್ಯಾಲೆ ಹತ್ತೋರ್ಗೆ ಏನಾದ್ರೂ ಆದ್ರೆ ಯಾರ್ ಜವಾಬ್ದಾರಿ? ನಿನ್ನಿಷ್ಟ, ಬಿಚ್ಚಾದಾದ್ರೆ ನಾನು ನಾಳೆ ಬರಾಕಿಲ್ಲ."

ಚಾವಣಿಗೆ ಕಾಂಕ್ರೀಟು ಹಾಕುವ ಕೆಲಸ ಆಗಲೇ ಎರಡು ಸಲ ಮುಂದಕ್ಕೆ ಹೋಗಿತ್ತು. ಬಾಡಿಗೆ ಮನೆಯ ಮಾಲೀಕರು ಖಾಲಿ ಮಾಡಿ ಎನ್ನುತ್ತಿದ್ದರು, ಆಕಾಶದಲ್ಲಿ ಮೋಡ ಕಟ್ಟುತ್ತಿತ್ತು. ಓಂಕಾರಪ್ಪ ಎದುರು ಮನೆಯತ್ತ ನೋಡಿದ. ಬಾಗಿಲಿಗೆ ಬೀಗ. ಗೌರಮ್ಮ ಅರಸೀಕೆರೆಗೆ ಮಗಳ ಮನೆಗೆ ಹೋಗಿದ್ದರು. "ಮೋಲ್ಡ್ ಆಗ್ಲಿ, ಆಮೇಲೆ ನೋಡೋಣ" ಎಂದು ಅವನು ಯಾರಿಗೂ ಅಲ್ಲದ ಹಾಗೆ ಹೇಳಿದ. ನನಗೆ ಬಾಯಿದ್ದಿದ್ದರೆ ಬೇಡ ಎನ್ನುತ್ತಿದ್ದೆ. ಇದ್ದದ್ದು ನಾಲಿಗೆ ಮಾತ್ರ.

ಮೋಲ್ಡು ಚೆನ್ನಾಗಿಯೇ ಆಯಿತು. ಮರುದಿನ ಸಂಜೆ ಆಟೋದಿಂದ ಗೌರಮ್ಮ ಇಳಿದರು. ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಮಗಳು ಕೊಟ್ಟ ಕರಿಬೇವಿನ ಗಿಡ. ಹೊಸ ಚಾವಣಿ ಕಂಡದ್ದೇ ಅವರ ಮುಖ ಅರಳಿತು, ತಮ್ಮ ಮನೆಗೇ ಚಾವಣಿ ಬಿದ್ದ ಹಾಗೆ. ಆಮೇಲೆ ನನ್ನನ್ನು ನೋಡಿದರು. ನಾನು ನನ್ನ ಕಸುಬಿನಂತೆ ಆ ಕಣ್ಣಿನಲ್ಲಿ ಹೊಟ್ಟೆಕಿಚ್ಚು ಹುಡುಕಿದೆ. ಎಳ್ಳಷ್ಟೂ ಇರಲಿಲ್ಲ. ತಗ್ಗಿದ ಭುಜವನ್ನು ನೋಡುತ್ತ, ಕೊರಳಿನ ಚಪ್ಪಲಿಯನ್ನು ನೋಡುತ್ತ, ಆಟೋದವನು ಚಿಲ್ಲರೆ ಎಂದು ಕೂಗುತ್ತಿದ್ದರೂ ಅವರು ನಿಂತೇ ಇದ್ದರು. ಆ ಹೊತ್ತು ನನಗಾದ ನಾಚಿಕೆಯನ್ನು ಹೇಗೆ ಹೇಳಲಿ. ಮುಖ ತಿರುಗಿಸೋಣವೆಂದರೆ ಕಂಬಕ್ಕೆ ಬಿಗಿದಿದ್ದರು.

ಬೆಳಿಗ್ಗೆ ಓಂಕಾರಪ್ಪ ನೀರು ಬಿಡಲು ಬಂದಾಗ ಅವರು ಗೇಟಿನ ಹತ್ತಿರ ಕಾಯುತ್ತಿದ್ದರು.

"ಓಂಕಾರಪ್ಪ, ಆ ಅಂಗಿ ನಮ್ಮನೆಯೋರ್ದಲ್ವಾ?"

ಹೌದು ಅಕ್ಕ, ತಪ್ಪಾಯ್ತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಒಂದು ಮಾತು ಬೈದು, ಆಮೇಲೆ ಕಾಫಿ ಕೊಡುತ್ತಿದ್ದರು. ಅವರ ಸ್ವಭಾವ ಅಂಥದು. ಓಂಕಾರಪ್ಪ ಮಾತ್ರ ಪೈಪಿನ ಬಾಯಿ ನೋಡುತ್ತ, "ಅಲ್ಲಕ್ಕ, ಅದು ನನ್ನ ಹಳೇದು. ಆ ಥಾನಿನಲ್ಲಿ ಊರ್ತುಂಬ ಹೊಲ್ದಿದ್ದೆ" ಎಂದ.

"ಹೌದಾ" ಎಂದರು ಗೌರಮ್ಮ. ಒಳಗೆ ಹೋದರು. ರಸ್ತೆಯ ಕಡೆಯ ಕಿಟಕಿ ಮುಚ್ಚಿತು.

ಆ ಮೇಲೆ ಮನೆ ನಿಧಾನವಾಗಿ ಮೇಲೆದ್ದಿತು, ಓಂಕಾರಪ್ಪನ ತಲೆ ಅಷ್ಟೇ ನಿಧಾನವಾಗಿ ತಗ್ಗಿತು. ಕಷ್ಟಗಳೇನೂ ಕಡಿಮೆಯಾಗಲಿಲ್ಲ. ಅಡುಗೆಮನೆಯ ಕಟ್ಟೆ ಕಟ್ಟಿ ಮುಗಿದ ಮೇಲೆ ಅವನ ಹೆಂಡತಿ ಸರ್ವಮಂಗಳ ಬಂದು ನಿಂತು ನೋಡಿದರೆ ಅದು ಎದೆಮಟ್ಟಕ್ಕಿತ್ತು. "ಇಲ್ಲೇನು ಭಾಷಣ ಮಾಡ್ಲಾ?" ಎಂದಳು. ಒಡೆದು ಕಟ್ಟಿದರು. ಬಚ್ಚಲಿನ ನೀರು ಹೊರಗೆ ಹೋಗುವುದರ ಬದಲು ನಡುಮನೆಗೆ ಬಂತು. ಬಡಗಿ ಬಾಗಿಲನ್ನು ಕೂಡಿಸಿ, ಅದು ಮುಚ್ಚದೆ ಇದ್ದುದಕ್ಕೆ ಗೋಡೆಯವರನ್ನು ಬೈದ, ಗೋಡೆಯವರು ಬಡಗಿಯನ್ನು ಬೈದರು. ಎರಡು ಬೈಗುಳವೂ ಓಂಕಾರಪ್ಪನ ಕಿವಿಗೇ ಬಿದ್ದವು. ಇವೆಲ್ಲ ಬಂದಾಗ ಸರ್ವಮಂಗಳ ನನ್ನತ್ತ ಕೈ ತೋರಿಸಿ, "ಈ ಗೊಂಬೆ ಕಟ್ಟಿ ಏನ್ ಬಂತು ಭಾಗ್ಯ?" ಎನ್ನುತ್ತಿದ್ದಳು. ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೆ.

ಓಂಕಾರಪ್ಪನನ್ನು ತಿಂದದ್ದು ಇದ್ಯಾವುದೂ ಅಲ್ಲ. ಗೌರಮ್ಮ ನೀರು ನಿಲ್ಲಿಸಲಿಲ್ಲ, ಅದು. ಕಿಟಕಿ ಮುಚ್ಚಿತ್ತು, ಮಾತು ನಿಂತಿತ್ತು, ಬೆಳಿಗ್ಗೆ ಮೋಟಾರಿನ ಸದ್ದು ಮಾತ್ರ ತಪ್ಪದೆ ಕೇಳುತ್ತಿತ್ತು. ಪೈಪಿನಲ್ಲಿ ನೀರು ಬಂದೊಡನೆ ಅವನು ಅದನ್ನು ಗೋಡೆಗೆ ಹಿಡಿಯುತ್ತಿದ್ದ, ಮುಖ ಮಾತ್ರ ಎದುರು ಮನೆಯತ್ತ ತಿರುಗುತ್ತಿರಲಿಲ್ಲ. ಬೈದಿದ್ದರೆ ಅವನು ನೆಮ್ಮದಿಯಾಗಿರುತ್ತಿದ್ದ. ಬೋರು ಕೆಟ್ಟರೆ ಸಾಕು ಎಂದು ಅವನು ಒಮ್ಮೆ ಗೊಣಗಿದ್ದನ್ನು ನಾನು ಕೇಳಿದೆ. ಮನೆ ಕಟ್ಟಿಸುವವನು ನೀರು ನಿಲ್ಲಲಿ ಎಂದು ಬೇಡುವ ಸ್ಥಿತಿಗೆ ಬಂದಿದ್ದ.

ಮನೆ ಒಕ್ಕಲಿನ ದಿನ ಗೊತ್ತಾಯಿತು. ಗಂಡ ಹೆಂಡತಿ ಎಲೆ ಅಡಿಕೆ, ಕುಂಕುಮ ಹಿಡಿದು ಎದುರು ಮನೆಗೆ ಕರೆಯಲು ಹೋದರು. ಗೌರಮ್ಮ ಜಗಲಿಯ ಮೇಲೆ ಕೂತಿದ್ದರು. ಕರೆದದ್ದಕ್ಕೆ ಬರುತ್ತೇನೆ ಎಂದರು. ಸರ್ವಮಂಗಳ ಮುಂದಿನ ಮನೆಗೆ ಹೊರಟ ಮೇಲೆ ಓಂಕಾರಪ್ಪನನ್ನು ನಿಲ್ಲಿಸಿದರು.

"ಗೊಂಬೆ ಇಳಿಸ್ತೀಯಲ್ಲ, ಆ ಅಂಗಿ ನನಗೆ ಕೊಡು. ನಿಂದೇ ಆಗಿದ್ರೂ ಪರ್ವಾಗಿಲ್ಲ."

ಓಂಕಾರಪ್ಪನ ಮುಖ ಸುಣ್ಣವಾಯಿತು. "ಒಗ್ದು ತಂದ್ಕೊಡ್ತೀನಕ್ಕ" ಎಂದಷ್ಟೇ ಹೇಳಿದ.

ಒಕ್ಕಲಿಗೆ ಮುಂಚೆ ನನ್ನನ್ನು ಇಳಿಸಿದರು. ನನ್ನಂಥವರನ್ನು ಊರ ಹೊರಗೆ ಎಸೆಯುವುದು ಪದ್ಧತಿ. ಓಂಕಾರಪ್ಪ ನನ್ನನ್ನು ತಾರಸಿಯ ಮೇಲೆ ನೀರಿನ ತೊಟ್ಟಿಯ ಹಿಂದೆ ಕೂರಿಸಿ, ಅಂಗಿಯ ಸ್ಥಿತಿ ನೋಡಿದ. ಬಿಸಿಲಿಗೆ ಹಸಿರು ಹಾರಿ ಬೂದು ಬಣ್ಣವಾಗಿತ್ತು. ಬೆನ್ನಿಗೆ ಸಿಮೆಂಟು ಹತ್ತಿ ಗಟ್ಟಿಯಾಗಿತ್ತು. ಕಾಗೆಗಳು ಮಾಡಿದ್ದು ಬೇರೆ. ಚಪ್ಪಲಿಯ ಹುರಿ ಉಜ್ಜಿ ಉಜ್ಜಿ ಕಾಲರು ಹರಿದಿತ್ತು. ಇದನ್ನು ಯಾವ ಮುಖ ಹೊತ್ತು ಕೊಡುವುದು ಎಂದು ಅವನು ತಲೆಯ ಮೇಲೆ ಕೈ ಹೊತ್ತು ಕೂತ.

ಆಮೇಲೆ ಅವನು ಮಾಡಿದ್ದು ದರ್ಜಿಯೊಬ್ಬನಿಗೆ ಮಾತ್ರ ಹೊಳೆಯುವ ತಪ್ಪು. ಎಲ್ಲೆಲ್ಲೋ ಹುಡುಕಿ ಅಂಥದೇ ಹಸಿರು ಗೆರೆಯ ಬಟ್ಟೆ ತಂದ. ಅದೇ ಅಳತೆಗೆ, ಬಲಭುಜ ತಗ್ಗಿಸಿ, ಹೊಸ ಅಂಗಿ ಹೊಲಿದ. ಹೊಸದೆಂದು ಕಾಣದಿರಲೆಂದು ಮತ್ತೆ ಮತ್ತೆ ಒಗೆದು ಅದೇ ತಾರಸಿಯ ಮೇಲೆ, ನನ್ನ ಕಣ್ಣೆದುರೇ ಒಣಗಿಸಿದ. ಕೆಲಸ ಎಷ್ಟು ಚೆನ್ನಾಗಿತ್ತೆಂದರೆ, ಪಕ್ಕದಲ್ಲಿ ತೂಗುತ್ತಿದ್ದುದನ್ನು ನೋಡಿ ನನಗೇ ನನ್ನ ಮೈಮೇಲಿನದರ ಬಗ್ಗೆ ಅನುಮಾನ ಬಂತು.

ಒಕ್ಕಲಾಯಿತು. ಗೌರಮ್ಮ ಬಂದು, ಹಾಲು ಉಕ್ಕಿದ್ದನ್ನು ನೋಡಿ, ಊಟಕ್ಕೆ ನಿಲ್ಲದೆ ಹೋದರು. ಮಾರನೆಯ ದಿನ ಓಂಕಾರಪ್ಪ ಮಡಿಸಿದ ಅಂಗಿ ಹಿಡಿದು ರಸ್ತೆ ದಾಟಿದ. ತಾರಸಿಯ ಮೋಟುಗೋಡೆಯ ಸಂದಿಯಿಂದ ನನಗೆ ಅವರ ಜಗಲಿ ಕಾಣುತ್ತದೆ. ಗೌರಮ್ಮ ಅಂಗಿ ಬಿಡಿಸಿದರು. ಭುಜ ಸವರಿದರು. ಕಾಲರಿನ ಒಳಮೈಯನ್ನೂ ತೋಳಿನ ಅಂಚನ್ನೂ ಹೆಬ್ಬೆರಳಿನಲ್ಲಿ ಉಜ್ಜಿ ನೋಡಿದರು. ಮತ್ತೆ ಮೊದಲಿನ ಹಾಗೇ ಮಡಿಸಿ ಅವನ ಕೈಗೆ ಕೊಟ್ಟರು.

"ಚೆನ್ನಾಗ್ ಹೊಲ್ದಿದೀಯ. ಆದ್ರೆ ಇದನ್ನ ಯಾರೂ ತೊಟ್ಟಿಲ್ಲ ಓಂಕಾರಪ್ಪ."

ಅವನು ಅಂಗಿಯನ್ನು ಕಂಕುಳಿಗೆ ಸೇರಿಸಿ ಮೆಟ್ಟಿಲಿಳಿದ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಅವನದು ಒಂದು ಹಳೆಯ ಅಂಗಿಗೆ ಹೋಗಿತ್ತು.

ನೇರವಾಗಿ ತಾರಸಿಗೆ ಬಂದ. ನನ್ನೆದುರು ಕುಕ್ಕರುಗಾಲಲ್ಲಿ ಕೂತು, ಮೊದಲು ಕೊರಳಿನ ಚಪ್ಪಲಿ ಬಿಚ್ಚಿ ಆಚೆಗೆ ಎಸೆದ. ಆಮೇಲೆ ಒಂದೊಂದೇ ಗುಂಡಿ ಬಿಚ್ಚಿದ. ತೋಳು ಎಳೆಯುವಾಗ ಬಟ್ಟೆ ಹರಿಯದಿರಲೆಂದು ಒಳಗಿನ ನಾರನ್ನು ಕೈಯಿಂದ ಕಿತ್ತು ಕಿತ್ತು ತೆಗೆದ. ಒಗೆಯಲಿಲ್ಲ. ಒಗೆದರೆ ಉಳಿಯುವ ಹಾಗಿರಲಿಲ್ಲ. ಸಿಮೆಂಟಿನ ಕಲೆಯೂ ಕಾಗೆಯ ಕಲೆಯೂ ಇದ್ದ ಹಾಗೇ ಅಂಗಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಹೋಗಿ ಅವರ ಮುಂದೆ ನಿಂತ.

"ಅವ್ರದ್ದೇ ಅಕ್ಕ. ಅವತ್ತು ಸುಳ್ಳು ಹೇಳ್ದೆ."

"ಗೊತ್ತಿತ್ತಪ್ಪ" ಎಂದರು ಗೌರಮ್ಮ. ಅಂಗಿ ತೆಗೆದುಕೊಂಡರು. ಕೂತ್ಕೋ ಎನ್ನಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವನು ರಸ್ತೆ ದಾಟಿ ವಾಪಸು ಬಂದ.

ಅಂದಿನಿಂದ ನಾನು ಈ ತೊಟ್ಟಿಯ ಹಿಂದೆಯೇ ಇದ್ದೇನೆ. ಮೀಸೆ ಅಳಿಸಿದೆ, ನಾಲಿಗೆ ಮಳೆಗೆ ಕರಗಿದೆ, ಹೊಟ್ಟೆಯ ನಾರನ್ನು ಗುಬ್ಬಿಗಳು ಒಯ್ಯುತ್ತಿವೆ. ಈ ಮನೆಯ ಮೇಲೆ ಯಾರ ಕೆಟ್ಟ ಕಣ್ಣೂ ಬೀಳಲಿಲ್ಲ. ಬಿದ್ದಿದ್ದರೆ ನಾನು ದುಡಿದೆ ಎಂಬ ಸಮಾಧಾನವಾದರೂ ಇರುತ್ತಿತ್ತು. ನನ್ನ ಮೈಮೇಲೆ ಈಗ ಬಟ್ಟೆಯಿಲ್ಲ. ಮನುಷ್ಯರು ಮಾನ ಮುಚ್ಚಲು ಬಟ್ಟೆ ತೊಡುತ್ತಾರೆ. ನನಗೆ ತೊಟ್ಟಿದ್ದಷ್ಟು ದಿನವೂ ನಾಚಿಕೆಯಾಗಿತ್ತು, ಈಗ ಇಲ್ಲ.

ಓಂಕಾರಪ್ಪನಿಗೆ ಹಾಗಾಗಲಿಲ್ಲ. ಅಷ್ಟು ಆಸೆಪಟ್ಟು ರಸ್ತೆಗೆ ಮುಖ ಮಾಡಿ ಕಟ್ಟಿಸಿದ ಮನೆ. ಅವನು ಮಾತ್ರ ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಹಿತ್ತಲ ಬಾಗಿಲಿನಿಂದ ಸೈಕಲ್ ಇಳಿಸಿಕೊಂಡು ಹೋಗುತ್ತಾನೆ.